ಕಲ್ಲಷ್ಟ ತಗೀರಿ, ಚೀಲ ಇರಲಿ

ಪುಣೆ–ನಗರ ರಸ್ತೆಯ ರಾಂಜಣಗಾಂವದ ಸುತ್ತ ನಮ್ಮ ಕಡೆಯವರು ಬಹಳ. ಇಂಡಿ, ಸಿಂದಗಿ, ಅಫಜಲಪುರ, ಆಳಂದದಿಂದ ಬಂದ ಹುಡುಗರು ಎಂಐಡಿಸಿ ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ಫ್ರಿಜ್ ಜೋಡಿಸುತ್ತಾರೆ, ಕಾರಿನ ಬಿಡಿಭಾಗ ಎತ್ತಿಳಿಸುತ್ತಾರೆ, ಕಾರೇಗಾಂವದಲ್ಲಿ ಒಂದೇ ಖೋಲಿ ಹಿಡಿದು ನಾಲ್ಕು ಜನ ಮಲಗುತ್ತಾರೆ. ಮದುವೆಯಾದ ಮೇಲೆ ಹೆಂಡತಿ ಬರುತ್ತಾಳೆ, ಬಾಣಂತನಕ್ಕೆ ಅವ್ವ ಬರುತ್ತಾಳೆ, ಬಂದವಳು ಇಲ್ಲೇ ಉಳಿಯುತ್ತಾಳೆ. ನಾನು ಈ ರಸ್ತೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಓಟಿ ಸಿಸ್ಟರ್. ಇಂಡಿ ತಾಲೂಕಿನವಳು, ಮಿರಜಿನಲ್ಲಿ ನರ್ಸಿಂಗ್ ಕಲಿತವಳು. ಕನ್ನಡದ ಪೇಶಂಟಿನಿಂದ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಿಸುವ ಮೊದಲು ಡಾಕ್ಟರು ನನ್ನನ್ನು ಕರೆಯುತ್ತಾರೆ. ಪಿತ್ತಕೋಶದ ಕಲ್ಲಿನ ಕೇಸಾದರೆ ಎದುರಿಗಿರುವ ತಾಯಿ ಏನು ಕೇಳುತ್ತಾಳೆಂದು ನನಗೆ ಮೊದಲೇ ಗೊತ್ತು. "ಅಕ್ಕಾರ, ಕಲ್ಲಷ್ಟ ತಗೀರಿ, ಚೀಲ ಇರಲಿ. ದೇವರು ಕೊಟ್ಟದ್ದು ಯಾಕ ತಗದ ಒಗೀತೀರಿ?"

ಬಹಳ ಒಳ್ಳೆಯ ಪ್ರಶ್ನೆ ಅದು. ಯುರೋಪು, ಅಮೆರಿಕದ ದೊಡ್ಡ ದೊಡ್ಡ ಸರ್ಜನ್ನರು ಇದೇ ಪ್ರಶ್ನೆಯ ಮೇಲೆ ಒಂದು ಕಾಲಕ್ಕೆ ಎರಡು ಪಂಗಡವಾಗಿದ್ದರು. ಉತ್ತರ ಯಾರೋ ಒಬ್ಬರ ತಲೆಯಿಂದ ಬಂದದ್ದಲ್ಲ. ಕಲ್ಲು ತೆಗೆದು ಚೀಲ ಬಿಟ್ಟು, ಮತ್ತೆ ಕಲ್ಲು ಕಂಡು, ಮತ್ತೆ ಹೊಟ್ಟೆ ಕೊಯ್ದು ಕಲಿತದ್ದು. ಬರೀ "ತೆಗೀಬೇಕು ತಾಯಿ" ಎಂದು ಸಹಿ ಹಾಕಿಸಿಕೊಂಡರೆ ಕೇಳಿದವಳಿಗೆ ಅನ್ಯಾಯ ಮಾಡಿದಂತೆ. ಅದಕ್ಕೇ ಹೊತ್ತು ಸಿಕ್ಕಾಗಲೆಲ್ಲ ಈ ಕಥೆ ಹೇಳುತ್ತ ಬಂದಿದ್ದೇನೆ.

ಮೊದಲು ಚೀಲದ ಮಾತು. ಪಿತ್ತರಸ ಮಾಡುವುದು ಯಕೃತ್ತು, ದಿನಕ್ಕೆ ಅರ್ಧದಿಂದ ಒಂದು ಲೀಟರು. ಪಿತ್ತಕೋಶ ಅದರ ಕೆಳಗೆ ಅಂಟಿಕೊಂಡ ಸಣ್ಣ ಚೀಲ, ಹಿಡಿಸುವುದು ಮೂವತ್ತರಿಂದ ಐವತ್ತು ಮಿಲಿಲೀಟರು. ಊಟವಿಲ್ಲದ ಹೊತ್ತಿನಲ್ಲಿ ಪಿತ್ತರಸವನ್ನು ಕೂಡಿಟ್ಟು, ನೀರು ಹೀರಿ ಗಟ್ಟಿ ಮಾಡುತ್ತದೆ. ಎಣ್ಣೆ, ತುಪ್ಪ ಹೊಟ್ಟೆಗೆ ಬಿದ್ದ ಕೂಡಲೇ ಹಿಂಡಿ ಕರುಳಿಗೆ ಬಿಡುತ್ತದೆ. ರಸದಲ್ಲಿ ಕೊಲೆಸ್ಟರಾಲ್ ಕರಗುವ ಅಳತೆ ಮೀರಿದರೆ, ಇಲ್ಲವೇ ರಕ್ತಕಣ ಒಡೆದು ಬರುವ ಬಣ್ಣದ ಅಂಶ ಹೆಚ್ಚಾದರೆ, ಚೀಲ ಸರಿಯಾಗಿ ಹಿಂಡದೆ ರಸ ನಿಂತೇ ಉಳಿದರೆ ಹರಳು ಕಟ್ಟುತ್ತದೆ. ಬಸುರಿನಲ್ಲಿ ಚೀಲ ನಿಧಾನವಾಗುತ್ತದೆ, ಹೆಂಗಸರಲ್ಲಿ ಕಲ್ಲು ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ. ಚೀಲ ತೆಗೆದರೂ ಯಕೃತ್ತು ರಸ ಮಾಡುವುದನ್ನು ನಿಲ್ಲಿಸುವುದಿಲ್ಲ, ಅದು ನೇರ ಕರುಳಿಗೆ ಇಳಿಯುತ್ತದೆ. ಇಷ್ಟು ಹೇಳಿದ ಮೇಲೆ ಅರ್ಧ ಹೆದರಿಕೆ ಹೋಗುತ್ತದೆ. ಉಳಿದ ಅರ್ಧಕ್ಕೆ ಚರಿತ್ರೆ ಬೇಕು.

ಪಿತ್ತದ ಕಲ್ಲು ನಮ್ಮವರಿಗೆ ಹೊಸತಲ್ಲ. ನನ್ನ ಅಜ್ಜಿಯ ಡಬ್ಬಿಯಲ್ಲಿ ಕಸ್ತೂರಿಯ ಜೊತೆ ಗೋರೋಚನದ ಒಂದು ಚೂರು ಇರುತ್ತಿತ್ತು, ಕೂಸಿಗೆ ಚಳಿಜ್ವರ ಬಂದರೆ ತೇಯ್ದು ನೆಕ್ಕಿಸುತ್ತಿದ್ದಳು. ಅದು ದನದ ಪಿತ್ತಕೋಶದಲ್ಲಿ ಕಟ್ಟಿದ ಕಲ್ಲೆಂದು ನನಗೆ ತಿಳಿದದ್ದು ನರ್ಸಿಂಗ್ ಓದುವಾಗ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಕಾಯಲು ಕೊಟ್ಟ ದನ ಸತ್ತರೆ ಅದರ ಕಿವಿ, ಚರ್ಮ, ಬಾಲ, ಸ್ನಾಯುಗಳ ಜೊತೆ ರೋಚನವನ್ನೂ ಒಡೆಯನಿಗೆ ತಂದು ಒಪ್ಪಿಸಬೇಕೆಂಬ ಕಟ್ಟಳೆ ಇದೆ. ಚೀನಾದ ಔಷಧದಲ್ಲೂ ಅದಕ್ಕೆ ಬೆಲೆ. ಹೀಗೆ ದನದ ಹೊಟ್ಟೆಯ ಕಲ್ಲನ್ನು ಲೆಕ್ಕವಿಟ್ಟು ಕಾಪಾಡಿದ ದೇಶದಲ್ಲಿ ಮನುಷ್ಯನ ಪಿತ್ತಕೋಶದ ಕಲ್ಲಿನ ಮಾತು ಹಳೆಯ ವೈದ್ಯದಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಸುಶ್ರುತ ಅಶ್ಮರಿಯನ್ನು ವಿವರವಾಗಿ ಹೇಳುತ್ತಾನೆ, ಕೊಯ್ದು ತೆಗೆಯುವ ಕ್ರಮವನ್ನೂ ಹೇಳುತ್ತಾನೆ. ಆದರೆ ಅದು ಮೂತ್ರಕೋಶದ ಕಲ್ಲು. ಮೂತ್ರದಲ್ಲಿ ಕಲ್ಲು ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಪಿತ್ತಕೋಶದ್ದು ಕಾಣಬೇಕಾದರೆ ಹೊಟ್ಟೆ ತೆರೆಯಬೇಕು.

ಈ ಎರಡು ಕಲ್ಲುಗಳ ಗೊಂದಲ ಇವತ್ತಿಗೂ ಹೋಗಿಲ್ಲ. ಕಿಡ್ನಿ ಕಲ್ಲಿಗೆ, ಇಲ್ಲಿಯವರು ಮುತಖಡಾ ಅನ್ನುತ್ತಾರೆ, ನಮ್ಮವರೂ ಮರಾಠಿಯವರೂ ಹುರುಳಿ ಕಟ್ಟು ಕುಡಿಯುತ್ತಾರೆ, ಕಾಡುಬಸಳೆ ಎಲೆ ತಿನ್ನುತ್ತಾರೆ. ಅದನ್ನೇ ಪಿತ್ತಕೋಶದ ಕಲ್ಲಿಗೂ ತಿಂಗಳುಗಟ್ಟಲೆ ಮಾಡುತ್ತಾರೆ. ಕುಡಿದ ನೀರು ಕಿಡ್ನಿಯ ಮೂಲಕ ಹಾದು ಹೋಗುತ್ತದೆ, ಸಣ್ಣ ಕಲ್ಲಿದ್ದರೆ ತಳ್ಳಿಕೊಂಡೂ ಹೋಗಬಹುದು. ಪಿತ್ತಕೋಶದ ಮೂಲಕ ಕುಡಿದ ನೀರು ಹರಿಯುವುದೇ ಇಲ್ಲ. ಅಲ್ಲಿಯ ಕಲ್ಲು ಜಾರಿ ಹೊರಬಂದರೆ ಅದೇ ಅಪಾಯ. ದೊಡ್ಡ ಪಿತ್ತನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆ ತರಿಸುತ್ತದೆ, ಮೇದೋಜೀರಕ ಗ್ರಂಥಿಯನ್ನು ಉರಿಸುತ್ತದೆ. ಇನ್ನೊಂದು ಉಪಾಯ ಮೊಬೈಲಿನಲ್ಲಿ ಸುತ್ತುತ್ತಿರುತ್ತದೆ: ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿ, ಮರುದಿನ ಹಸಿರು ಕಲ್ಲು ಬೀಳುತ್ತವೆ ಎಂದು. ಬೀಳುವುದು ನಿಜ. ಅಂಥ "ಕಲ್ಲು"ಗಳನ್ನು ಪರೀಕ್ಷಿಸಿದ ವೈದ್ಯರು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅವು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದ ಉಂಡೆಗಳು.

ಯುರೋಪಿನಲ್ಲೂ ಈ ಕಲ್ಲು ಮೊದಲು ಕಂಡದ್ದು ಸತ್ತವರಲ್ಲೇ. ಫ್ಲಾರೆನ್ಸಿನ ವೈದ್ಯ ಆಂಟೋನಿಯೊ ಬೆನಿವಿಯೆನಿ ತನ್ನ ರೋಗಿಗಳು ಯಾಕೆ ಸತ್ತರೆಂದು ತಿಳಿಯಲು ಶವ ಕೊಯ್ದು ನೋಡುತ್ತಿದ್ದ. ಅವನು ತೀರಿದ ಮೇಲೆ 1507ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಪಿತ್ತದ ಕಲ್ಲಿದ್ದ ಹೆಂಗಸಿನ ವಿವರ ಇದೆ. ಬದುಕಿದ್ದವರ ಹೊಟ್ಟೆ ತೆರೆದು ಚೀಲಕ್ಕೆ ಕೈ ಹಾಕುವ ಧೈರ್ಯ ಬರಲು ಅಲ್ಲಿಂದ ಮುನ್ನೂರೈವತ್ತು ವರ್ಷ ಹಿಡಿಯಿತು. ಕ್ಲೋರೋಫಾರ್ಮ್ ಬರಬೇಕಾಗಿತ್ತು.

1867ರ ಜೂನ್ 15. ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಒಂದು ಔಷಧದಂಗಡಿಯ ಮೂರನೆಯ ಮಹಡಿ. ಮೇರಿ ವಿಗಿನ್ಸ್ ಎಂಬ ಮೂವತ್ತು ವರ್ಷದ ಹೆಂಗಸಿನ ಹೊಟ್ಟೆಯ ಗಡ್ಡೆಯನ್ನು ಅಂಡಾಶಯದ್ದಿರಬೇಕೆಂದು ಊಹಿಸಿ ಸರ್ಜನ್ ಜಾನ್ ಬಾಬ್ಸ್ ಹೊಟ್ಟೆ ತೆರೆದ. ಸಿಕ್ಕಿದ್ದು ಊದಿದ ಪಿತ್ತಚೀಲ. ಅದನ್ನು ಸೀಳಿದಾಗ ಬಂದೂಕಿನ ಗುಂಡಿನ ಗಾತ್ರದ ಕಲ್ಲುಗಳು ಹೊರಬಂದವು. ಕಲ್ಲು ತೆಗೆದ, ಚೀಲ ಹೊಲಿದ, ಒಳಗೇ ಬಿಟ್ಟ. ನಮ್ಮ ತಾಯಂದಿರು ಕೇಳುವುದನ್ನೇ ಮಾಡಿದ. ಆಕೆ ಬದುಕಿದಳು, ಡಾಕ್ಟರು ತೀರಿದ ಮೇಲೂ ಎಷ್ಟೋ ವರ್ಷ ಬದುಕಿದ್ದಳು.

ಪುಣೆಯಲ್ಲಿ ಡೇವಿಡ್ ಸಸೂನರ ದಾನದಿಂದ ಕಟ್ಟಿದ ಸಸೂನ್ ಆಸ್ಪತ್ರೆ ಬಾಗಿಲು ತೆರೆದದ್ದೂ ಅದೇ 1867ರಲ್ಲಿ. ಆಗ ರಾಂಜಣಗಾಂವ ಅಂದರೆ ಮಹಾಗಣಪತಿಯ ಗುಡಿ, ಸುತ್ತ ಶಿರೂರು ತಾಲೂಕಿನ ಒಣಭೂಮಿ. ಪುಣೆ ಇಲ್ಲಿಂದ ಐವತ್ತು ಕಿಲೋಮೀಟರು. ಹೊಟ್ಟೆನೋವಿನ ರೋಗಿಯನ್ನು ಚಕ್ಕಡಿಯಲ್ಲಿ ಅಷ್ಟು ದೂರ ಒಯ್ದಿದ್ದರೂ ಅಲ್ಲಿ ಪಿತ್ತಚೀಲ ತೆರೆಯುವವರು ಇರುತ್ತಿರಲಿಲ್ಲ. ಆ ಹೊತ್ತಿಗೆ ಹೀಗೆ ಹೊಟ್ಟೆ ತೆರೆದು ಆ ಕೆಲಸ ಮಾಡಿದವನೆಂದು ಹೆಸರಿರುವುದು ಬಾಬ್ಸ್ ಒಬ್ಬನದೇ.

ಬಾಬ್ಸ್ ತೋರಿದ ದಾರಿ ಹಿಡಿದವರು ಕಲ್ಲು ತೆಗೆದು ಚೀಲ ಉಳಿಸಿದರು, ಕೆಲವರು ಚೀಲದ ಬಾಯನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದು ರಸ ಹೊರಹರಿಯಲು ಬಿಟ್ಟರು. ರೋಗಿಗೆ ಆರಾಮ ಆಗುತ್ತಿತ್ತು. ಆದರೆ ಕೆಲವರಿಗೆ ವರ್ಷ ಕಳೆದ ಮೇಲೆ ಅದೇ ನೋವು, ಅದೇ ಜಾಗ. ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯ ಕಾರ್ಲ್ ಲಾಂಗೆನ್‌ಬುಖ್ ಇದನ್ನು ಬೇರೆ ಕಡೆಯಿಂದ ಯೋಚಿಸಿದ. ಪಿತ್ತಕೋಶವೇ ಇಲ್ಲದ ಪ್ರಾಣಿಗಳಿವೆ, ಅವು ಚೆನ್ನಾಗಿಯೇ ಬದುಕುತ್ತವೆ. ಚೀಲ ಕೆಟ್ಟಿರುವುದು ಕಲ್ಲು ತುಂಬಿದ್ದಕ್ಕಲ್ಲ, ಕೆಟ್ಟ ಚೀಲವೇ ಕಲ್ಲು ಹುಟ್ಟಿಸುತ್ತಿದೆ ಎಂಬುದು ಅವನ ವಾದ. ಶವಗಳ ಮೇಲೆ ಕೈ ಪಳಗಿಸಿಕೊಂಡು 1882ರ ಜುಲೈ 15ರಂದು, ವರ್ಷಾನುಗಟ್ಟಲೆ ನೋವು ತಿಂದು ಸೊರಗಿದ್ದ 43 ವರ್ಷದ ಒಬ್ಬ ಗಂಡಸಿನ ಪಿತ್ತಕೋಶವನ್ನು ಪೂರ್ತಿ ತೆಗೆದ. ಮರುದಿನ ರೋಗಿಗೆ ಜ್ವರವಿರಲಿಲ್ಲ, ಚುಟ್ಟಾ ಸೇದುತ್ತಿದ್ದನಂತೆ. ಲಾಜರಸ್ ಎಂಬುದು ಚರ್ಚಿನ ಡೀಕನೆಸ್ ಸಿಸ್ಟರುಗಳು ಸೇವೆ ಮಾಡುತ್ತಿದ್ದ ಆಸ್ಪತ್ರೆ. ಗಾಯ ತೊಳೆದು, ರಾತ್ರಿ ಕಾದ ಆ ಹೆಂಗಸರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವರೂ ಈ ಚರಿತ್ರೆಯವರೇ.

ಎಲ್ಲರೂ ಒಪ್ಪಲಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ಚೀಲ ಉಳಿಸುವ ಪಕ್ಷದ ದೊಡ್ಡ ಹೆಸರು. ಚೀಲ ತೆಗೆಯುವುದು ಅತಿರೇಕ ಎಂಬುದು ಅವನ ಅಭಿಪ್ರಾಯ. ಕೊನೆಗೆ ತೀರ್ಪು ಕೊಟ್ಟದ್ದು ರೋಗಿಗಳ ಹೊಟ್ಟೆ. ಉಳಿಸಿದ ಚೀಲದಲ್ಲಿ ಕಲ್ಲು ಮತ್ತೆ ಕಟ್ಟಿತು.

ಆ ತೀರ್ಪಿನ ಮೇಲೆ ನೂರು ವರ್ಷದ ನಂತರ ಮತ್ತೊಮ್ಮೆ ಮುದ್ರೆ ಬಿತ್ತು. 1970ರ ದಶಕದಲ್ಲಿ ಪಿತ್ತಾಮ್ಲದ ಮಾತ್ರೆಗಳು ಬಂದವು, ಕೊಯ್ಯದೆ ಕಲ್ಲು ಕರಗಿಸಲು. 1985ರಲ್ಲಿ ಮ್ಯೂನಿಕ್ಕಿನಲ್ಲಿ ಕಿಡ್ನಿ ಕಲ್ಲಿನ ಹಾಗೆ ಪಿತ್ತದ ಕಲ್ಲನ್ನೂ ಹೊರಗಿನಿಂದ ಅಲೆಗಳ ಹೊಡೆತದಿಂದ ಪುಡಿ ಮಾಡಿದರು. ಕಲ್ಲಷ್ಟೇ ಹೋಗಿ ಚೀಲ ಉಳಿಯುವ ಕನಸು ಮತ್ತೆ ಚಿಗುರಿತು. ಮಾತ್ರೆ ಸಣ್ಣ ಕೊಲೆಸ್ಟರಾಲ್ ಕಲ್ಲುಗಳಿಗಷ್ಟೇ ನಾಟಿತು, ಅದೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗಿದರೆ. ಕಲ್ಲು ಕರಗಿದವರಲ್ಲಿ ಸುಮಾರು ಅರ್ಧ ಜನಕ್ಕೆ ಐದು ವರ್ಷದೊಳಗೆ ಮತ್ತೆ ಬಂತು. ಲಾಂಗೆನ್‌ಬುಖ್ ಹೇಳಿದ್ದು ಸರಿಯಾಗಿತ್ತು.

ಮಾತ್ರೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ತೊಡಕು. 1968ರಲ್ಲಿ ಎಸ್. ಎಲ್. ಮಲ್ಹೋತ್ರಾ ಎಂಬ ರೈಲ್ವೆ ವೈದ್ಯರು ದೇಶದ ರೈಲ್ವೆ ನೌಕರರನ್ನು ಹೋಲಿಸಿ ನೋಡಿದಾಗ ಪಿತ್ತದ ಕಲ್ಲು ಉತ್ತರದವರಲ್ಲಿ ದಕ್ಷಿಣದವರಿಗಿಂತ ಏಳು ಪಟ್ಟು ಹೆಚ್ಚು ಕಂಡಿತು. ಒಂದೇ ಇಲಾಖೆ, ಒಂದೇ ತರಹದ ಕೆಲಸ, ಆದರೆ ಊಟ ಬೇರೆ. ಮುಂದೆ ಕಲ್ಲುಗಳ ರಾಸಾಯನಿಕ ಪರೀಕ್ಷೆ ಮಾಡಿದವರು ಉತ್ತರದಲ್ಲಿ ಕೊಲೆಸ್ಟರಾಲಿನ ಕಲ್ಲು, ದಕ್ಷಿಣದಲ್ಲಿ ಬಣ್ಣದ ಅಂಶದ ಕಪ್ಪು ಕಲ್ಲು ಹೆಚ್ಚು ಎಂದು ತೋರಿಸಿದರು. ಕಪ್ಪು ಕಲ್ಲಿಗೆ ಆ ಮಾತ್ರೆ ನಾಟುವುದಿಲ್ಲ. ಎಂಐಡಿಸಿಯಲ್ಲಿ ಬಿಹಾರದ ಹುಡುಗನೂ ಅಫಜಲಪುರದ ಹುಡುಗನೂ ಒಂದೇ ಲೈನಿನಲ್ಲಿ ನಿಲ್ಲುತ್ತಾರೆ, ಒಂದೇ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ. ನನ್ನ ಕಣ್ಣ ಮುಂದಿನ ಬಟ್ಟಲಿನಲ್ಲಿ ಈಗ ನಮ್ಮವರ ಕಲ್ಲೂ ಎಷ್ಟೋ ಸಲ ಹಳದಿಯಾಗಿ, ಮೂಲೆ ತೀಡಿದಂತೆ ಹೊಳೆಯುತ್ತಿರುತ್ತದೆ.

ನಮ್ಮ ಸೀಮೆಯ ಚರಿತ್ರೆ ಬೇರೆ ಕಡೆಯಿಂದ ಬರುತ್ತದೆ. ವಿಜಯಪುರ, ಜಮಖಂಡಿ, ಅಥಣಿಯ ಹಳೆಯ ಜನಕ್ಕೆ ಆಪರೇಷನ್ ಅಂದರೆ ಮಿರಜು. ಮಿಶನ್ನಿನ ಡಾಕ್ಟರು ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ನಮ್ಮೂರಲ್ಲಿ "ಮಿರಜಿಗೆ ಒಯ್ದರು" ಅಂದರೆ ಕೇಳಿದವರು ಮುಂದೆ ಏನೂ ಕೇಳುತ್ತಿರಲಿಲ್ಲ, ಜಡ್ಡು ಎಷ್ಟು ದೊಡ್ಡದೆಂದು ತಿಳಿದುಹೋಗುತ್ತಿತ್ತು. ಹುಬ್ಬಳ್ಳಿಯಲ್ಲಿ 1957ರಲ್ಲಿ, ಬೆಳಗಾವಿ, ಕಲಬುರಗಿಗಳಲ್ಲಿ 1963ರಲ್ಲಿ, ವಿಜಯಪುರದಲ್ಲಿ 1980ರ ದಶಕದಲ್ಲಿ ಮೆಡಿಕಲ್ ಕಾಲೇಜು ಬಂದ ಮೇಲೂ ಎಷ್ಟೋ ಮನೆಗಳು ಮಿರಜಿನ ದಾರಿ ಬಿಡಲಿಲ್ಲ.

ನಾನು ಕೆಲಸ ಕಲಿತದ್ದು ದೊಡ್ಡ ಕೊಯ್ತದ ಕಾಲದಲ್ಲಿ. ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಒಂದು ಗೇಣಿನಷ್ಟು ಕೊಯ್ತ. ಯಕೃತ್ತನ್ನು ಮೇಲಕ್ಕೆ ಹಿಡಿಯಲು ಡೀವರ್ ರಿಟ್ರಾಕ್ಟರು. ಅದನ್ನು ಹಿಡಿದು ನಿಂತವರ ಕೈ ಮರಗಟ್ಟುತ್ತಿತ್ತು, ಅಲುಗಾಡುವಂತಿರಲಿಲ್ಲ. ಆಪರೇಷನ್ ಮುಗಿದ ಮೇಲೆ ಮೂಗಿನಲ್ಲಿ ರೈಲ್ಸ್ ಟ್ಯೂಬು, ಪಕ್ಕೆಯಲ್ಲಿ ಡ್ರೇನು. ಕೆಮ್ಮು ಬಂದರೆ ರೋಗಿ ಹೊಟ್ಟೆಗೆ ದಿಂಬು ಒತ್ತಿಕೊಂಡು ಅಳುತ್ತಿದ್ದಳು. ಹೊಲಿಗೆ ಬಿಚ್ಚಲು ಎಂಟು ಹತ್ತು ದಿನ, ಆಮೇಲೆ ಒಂದೂವರೆ ತಿಂಗಳು ಕೊಡ ಎತ್ತಬಾರದು. ಬಾವಿಯ ನೀರಿನ ಮನೆಯಲ್ಲಿ ಆ ಮಾತು ನಡೆಯುವಂಥದ್ದಲ್ಲ. ಹೊಲಿಗೆ ಸಡಿಲವಾಗಿ ಹರ್ನಿಯಾ ಮಾಡಿಕೊಂಡು ಮರಳಿ ಬಂದ ಹೆಂಗಸರನ್ನು ನೋಡಿದ್ದೇನೆ. ಚೀಲ ತೆಗೆಸಿಕೊಳ್ಳಲು ನಮ್ಮವರು ಹೆದರುವುದರ ಹಿಂದೆ ಈ ನೆನಪೂ ಇದೆ, ಅವ್ವನಿಗೋ ಅತ್ತೆಗೋ ಆದದ್ದು ಕಣ್ಣಿನಲ್ಲಿದೆ.

ದೂರ್ಬೀನು, ಅಂದರೆ ಸಣ್ಣ ತೂತಿನಿಂದ ಹೊಟ್ಟೆಯೊಳಗೆ ಹಾಕುವ ಲ್ಯಾಪರೋಸ್ಕೋಪ್, ಈ ಭಯವನ್ನು ಅರ್ಧಕ್ಕೆ ಇಳಿಸಿತು. ಜರ್ಮನಿಯ ಬ್ಯೋಬ್ಲಿಂಗೆನ್ ಊರಿನ ಎರಿಖ್ ಮ್ಯೂಹೆ 1985ರ ಸೆಪ್ಟೆಂಬರ್ 12ರಂದು ಮೊದಲ ಸಲ ತೂತಿನ ಮೂಲಕ ಪಿತ್ತಕೋಶ ತೆಗೆದರು. ಮರುವರ್ಷ ಜರ್ಮನ್ ಸರ್ಜನ್ನರ ಸಂಘದ ಸಮ್ಮೇಳನದಲ್ಲಿ ಹೇಳಿದಾಗ ನಕ್ಕವರೇ ಹೆಚ್ಚು. ಅದೇ ಸಂಘ 1992ರಲ್ಲಿ ಅವರಿಗೆ ಪ್ರಶಸ್ತಿ ಕೊಟ್ಟಿತು. ಅಷ್ಟರೊಳಗೆ 1987ರಲ್ಲಿ ಫ್ರಾನ್ಸಿನ ಲಿಯೋನಿನಲ್ಲಿ ಫಿಲಿಪ್ ಮೂರೆ ಮಾಡಿದ್ದು ಜಗತ್ತಿಗೆ ಹಬ್ಬಿತ್ತು.

ನಮ್ಮ ದೇಶಕ್ಕೆ ಅದು ಬೇಗ ಬಂತು, ಅದಕ್ಕೆ ಕಾರಣ ಮುಂಬಯಿಯ ಡಾ. ತೆಹೆಮ್ತನ್ ಉದ್ವಾಡಿಯಾ. ಜೆ.ಜೆ. ಆಸ್ಪತ್ರೆಯಲ್ಲಿ 1972ರಿಂದಲೇ ದೂರ್ಬೀನು ಹಾಕಿ ಹೊಟ್ಟೆಯ ರೋಗ ಗುರುತಿಸುತ್ತಿದ್ದ ಅವರು 1990ರ ಮೇ 31ರಂದು ಅಲ್ಲಿಯೇ, ಬಡವರ ಸರಕಾರಿ ಆಸ್ಪತ್ರೆಯಲ್ಲೇ, ದೇಶದ ಮೊದಲ ದೂರ್ಬೀನಿನ ಪಿತ್ತಕೋಶದ ಆಪರೇಷನ್ ಮಾಡಿದರು. ಕೆಲವೇ ತಿಂಗಳಲ್ಲಿ ಪುಣೆಯಲ್ಲಿ ಡಾ. ಜ್ಯೋತ್ಸ್ನಾ ಕುಲಕರ್ಣಿ ಮಾಡಿದರು. ಗಂಡಸರೇ ತುಂಬಿದ್ದ ಸರ್ಜರಿಯಲ್ಲಿ, ಎಲ್ಲರೂ ಅನುಮಾನದಿಂದ ನೋಡುತ್ತಿದ್ದ ಹೊಸ ಕೆಲಸಕ್ಕೆ ದೇಶದಲ್ಲಿ ಮೊದಮೊದಲಿಗೇ ಕೈ ಹಾಕಿದವರಲ್ಲಿ ಒಬ್ಬರು ನಮ್ಮ ಪುಣೆಯ ಹೆಣ್ಣುಮಗಳು. ಇದನ್ನು ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ. ಉದ್ವಾಡಿಯಾ ತಾವು ಬಲ್ಲದ್ದನ್ನು ಸಣ್ಣ ಊರುಗಳಿಗೂ ಒಯ್ದು ಕಲಿಸಿದರು. 2023ರಲ್ಲಿ ತೀರಿಕೊಂಡರು.

ಹೊಸದು ಬಂದಾಗ ಹಾನಿಯೂ ಬಂತು, ಅದನ್ನು ಮುಚ್ಚಿಡಬಾರದು. ಕೈಯಿಂದ ಮುಟ್ಟಿ ನೋಡುವುದು ತಪ್ಪಿ ಪರದೆಯ ಮೇಲೆ ನೋಡುವುದಾಯಿತು. ಪಿತ್ತಚೀಲದ ಸಣ್ಣ ನಾಳವೆಂದು ದೊಡ್ಡ ಪಿತ್ತನಾಳಕ್ಕೇ ಕ್ಲಿಪ್ ಹಾಕಿದ ಪ್ರಕರಣಗಳು ದೊಡ್ಡ ಕೊಯ್ತದ ಕಾಲಕ್ಕಿಂತ ಹೆಚ್ಚಾದವು. 1995ರಲ್ಲಿ ಅಮೆರಿಕದ ಸ್ಟ್ರಾಸ್‌ಬರ್ಗ್ ಒಂದು ಕಟ್ಟುನಿಟ್ಟಿನ ಕ್ರಮ ಹಾಕಿಕೊಟ್ಟರು: ಚೀಲದ ಬುಡವನ್ನು ಬಿಡಿಸಿ, ಅದಕ್ಕೆ ಹೋಗುವುದು ಎರಡೇ ಕೊಳವೆ, ಒಂದು ನಾಳ ಒಂದು ರಕ್ತನಾಳ ಎಂದು ಕಣ್ಣಾರೆ ಕಾಣುವವರೆಗೆ ಏನನ್ನೂ ಕತ್ತರಿಸಬಾರದು. ನಮ್ಮ ಓಟಿಯಲ್ಲಿ ಸರ್ಜನ್ ಆ ಹಂತಕ್ಕೆ ಬಂದಾಗ ನಾವೆಲ್ಲ ಮಾತು ನಿಲ್ಲಿಸುತ್ತೇವೆ. ಒಳಗೆ ಬಹಳ ಅಂಟಿಕೊಂಡಿದ್ದರೆ ತೂತು ಬಿಟ್ಟು ಹೊಟ್ಟೆ ತೆರೆಯಬೇಕಾಗುತ್ತದೆ. ಅದು ಸೋಲಲ್ಲ, ಜಾಣತನ ಎಂದು ಮೊದಲೇ ಮನೆಯವರಿಗೆ ಹೇಳಿರುತ್ತೇನೆ.

ಹಾಗಾದರೆ ಕಲ್ಲು ಕಂಡವರೆಲ್ಲ ಚೀಲ ತೆಗೆಸಬೇಕೆ? ಇಲ್ಲ. ಇಲ್ಲೂ ಒಂದು ಹಳೆಯ ಜಗಳವಿದೆ. 1911ರಲ್ಲಿ ಅಮೆರಿಕದ ವಿಲಿಯಂ ಮೇಯೊ, ನಿರುಪದ್ರವಿ ಕಲ್ಲು ಎಂಬುದೇ ಸುಳ್ಳು ಎಂದು ಬರೆದರು. ಬಹಳ ಕಾಲ ಅದೇ ಮಾತು ನಡೆಯಿತು. 1982ರಲ್ಲಿ ಗ್ರೇಸಿ ಮತ್ತು ರಾನ್ಸಹಾಫ್ ಎಂಬ ವೈದ್ಯರು ಮಿಶಿಗನ್ ವಿಶ್ವವಿದ್ಯಾಲಯದ 123 ಸಿಬ್ಬಂದಿಯ ಲೆಕ್ಕ ಹೊರಗಿಟ್ಟರು. ನೋವಿಲ್ಲದೆ ಕಲ್ಲು ಪತ್ತೆಯಾಗಿದ್ದ ಆ ಜನರಲ್ಲಿ ಹದಿನೈದು ವರ್ಷದಲ್ಲಿ ನೋವು ಕಾಣಿಸಿಕೊಂಡದ್ದು ನೂರಕ್ಕೆ ಹದಿನೆಂಟರಷ್ಟು ಮಂದಿಗೆ. ಇಲ್ಲಿ ಬಸುರಿಗೆಂದೋ ಮುತಖಡಾಕ್ಕೆಂದೋ ಸೋನೋಗ್ರಫಿ ಮಾಡಿಸುತ್ತಾರೆ, ಕರಿ ನೆರಳು ಬಿಟ್ಟ ಬಿಳಿ ಚುಕ್ಕೆ ಪಿತ್ತಕೋಶದಲ್ಲಿ ಕಾಣುತ್ತದೆ, ಮನೆಯಲ್ಲಿ ರಾತ್ರಿ ನಿದ್ದೆ ಇರುವುದಿಲ್ಲ. ನೋವೇ ಇಲ್ಲದ ಕಲ್ಲನ್ನು ಬಹಳ ಮಟ್ಟಿಗೆ ಅದರ ಪಾಡಿಗೆ ಬಿಡಬಹುದು, ಯಾವಾಗ ತೆಗೆಯಬೇಕೆಂಬುದನ್ನು ಸರ್ಜನ್ ನೋಡಿ ಹೇಳುತ್ತಾರೆ.

ನೋವು ಶುರುವಾದ ಕಲ್ಲಿನ ಮಾತು ಬೇರೆ. ಬಲ ಪಕ್ಕೆಯ ಕೆಳಗೆ ಇಲ್ಲವೇ ಮೇಲ್ಹೊಟ್ಟೆಯ ನಡುವೆ ಹಿಂಡಿದಂತೆ ನೋವು, ಬೆನ್ನಿಗೆ ಬಲ ಹೆಗಲಿಗೆ ಹೊಡೆಯುವುದು, ಹೆಚ್ಚಾಗಿ ಜಿಡ್ಡಿನ ಊಟದ ಮೇಲೆ. ಸಂಕಷ್ಟಿಯ ದಿನ ಮಹಾಗಣಪತಿಗೆ ನಡೆದು ಬಂದು, ದಿನವಿಡೀ ಉಪವಾಸವಿದ್ದು, ರಾತ್ರಿ ಎಣ್ಣೆಯಲ್ಲಿ ಕರಿದ ಸಾಬೂದಾಣಿ ವಡಾ ತಿಂದು ಒದ್ದಾಡುತ್ತ ಬಂದವರನ್ನು ಕಂಡಿದ್ದೇನೆ. ಒಂದು ದಿನದ ಉಪವಾಸದಿಂದ ಕಲ್ಲು ಹುಟ್ಟುವುದಿಲ್ಲ. ಇದ್ದ ಕಲ್ಲನ್ನು ಆ ಎಣ್ಣೆ ಎಬ್ಬಿಸುತ್ತದೆ. ತಿಂಗಳಿಗೆ ಹತ್ತು ಕಿಲೋ ಇಳಿಸಬೇಕೆಂದು ಹೊಟ್ಟೆ ಕಟ್ಟುವವರಿಗೆ ಮಾತ್ರ ಕಲ್ಲು ಹೊಸದಾಗಿ ಕಟ್ಟುವ ಭಯ ನಿಜವಾಗಿ ಇದೆ. ಈ ನೋವನ್ನು ಪಿತ್ತ, ಗ್ಯಾಸ್, ಆಸಿಡಿಟಿ ಎಂದು ಸೋಡಾ ಕುಡಿದು ವರ್ಷ ಕಳೆಯುತ್ತಾರೆ. ನೋವಿನ ಜೊತೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ನಾಲ್ಕೈದು ತಾಸಾದರೂ ನೋವು ಬಿಡದಿದ್ದರೆ ಬೆಳಗಾಗಲಿ ಅನ್ನಬಾರದು, ಶಿಫ್ಟ್ ಮುಗಿಯಲಿ ಅನ್ನಬಾರದು. ಕಂಪನಿಯಲ್ಲಿ ಇಎಸ್‌ಐ ಕಡಿತ ಆಗುತ್ತಿದ್ದರೆ ಖರ್ಚಿಗೆ ಊರ ಹೊಲ ಅಡ ಇಡಬೇಕಾಗಿಲ್ಲ. ಕಾಂಟ್ರಾಕ್ಟಿನ ಹುಡುಗರಿಗೂ ಆ ಹಕ್ಕು ಇದೆ. ಎಷ್ಟೋ ಜನಕ್ಕೆ ತಮ್ಮ ಕಾರ್ಡು ಎಲ್ಲಿದೆ ಎಂಬುದೂ ತಿಳಿದಿರುವುದಿಲ್ಲ.

ಆಪರೇಷನ್ ಆದ ಮೇಲೆ ಕಲ್ಲು ತೋರಿಸುವುದು ನಮ್ಮ ದೇಶದ ಓಟಿಗಳ ರೂಢಿ. ಸ್ಟೀಲಿನ ಬಟ್ಟಲಿನಲ್ಲಿ ಚೀಲ ಸೀಳಿ, ಕಲ್ಲು ತೊಳೆದು, ಬಾಗಿಲಲ್ಲಿ ನಿಂತ ಮನೆಯವರಿಗೆ ತೋರಿಸಿ, ಸಣ್ಣ ಶೀಶೆಯಲ್ಲಿ ಹಾಕಿ ಕೊಡುತ್ತೇವೆ. ಸುಮ್ಮನೆ ಹೊಟ್ಟೆ ಕೊಯ್ದಿಲ್ಲವೆಂಬುದಕ್ಕೆ ಅದು ಸಾಕ್ಷಿ. ಶೀಶೆ ಊರಿಗೆ ಹೋಗುತ್ತದೆ, ಬೀಗರಿಗೆಲ್ಲ ತೋರಿಸುತ್ತಾರೆ. ಚೀಲದ ಬಗ್ಗೆ ಯಾರೂ ಕೇಳುವುದಿಲ್ಲ. ಅದನ್ನು ಫಾರ್ಮಲಿನ್ನಿನಲ್ಲಿ ಹಾಕಿ ಪುಣೆಯ ಲ್ಯಾಬಿಗೆ ಕಳಿಸುತ್ತೇವೆ. ಕಲ್ಲು ಬಹುಕಾಲ ಇದ್ದ ಚೀಲದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಅಡಗಿರುತ್ತದೆ, ಗಂಗೆಯ ಬಯಲಿನವರಲ್ಲಿ ಇನ್ನೂ ಹೆಚ್ಚು. ಬರಿಗಣ್ಣಿಗೆ ಅದು ಕಾಣದಿರಬಹುದು. ರಿಪೋರ್ಟು ಬರುವ ಹೊತ್ತಿಗೆ ಹೊಲಿಗೆ ಬಿಚ್ಚಿ ಆಗಿರುತ್ತದೆ, ಹುಡುಗ ಕಂಪನಿಗೆ ಹೋಗಿರುತ್ತಾನೆ, ಅವ್ವ ಇಂಡಿಗೆ ಬಸ್ಸು ಹತ್ತಿರುತ್ತಾಳೆ. ಹಾಗಾಗಿ ಡಿಸ್ಚಾರ್ಜ್ ಕಾಗದದ ಹಿಂದೆ ಊರಿನ ಫೋನ್ ನಂಬರನ್ನೂ ಬರೆಸಿಕೊಳ್ಳುತ್ತೇನೆ, ಲಕೋಟೆ ಬಂದ ದಿನ ಕೂಡಲೇ ಓದಿ ಹೇಳುತ್ತೇನೆ: "ಅವ್ವಾ, ನಿಮ್ಮ ಚೀಲದ್ದು ರಿಪೋರ್ಟ್ ಬಂದೈತಿ, ಏನೂ ಇಲ್ಲ ಅಂತ ಬರದಾರ. ಕಾಗದ ಮಗನ ಕೈಯಾಗ ಕೊಡ್ತೀನಿ, ಕಳಕೋಬ್ಯಾಡ್ರಿ."